ಅಟ್ಟದ ಮೇಲಿನ ಹಾಡುಗಳು: ಹಳೆಯ ಕ್ಯಾಸೆಟ್, ಗ್ರಾಮಫೋನ್ ತಟ್ಟೆಗಳನ್ನು ಕೇಳುವುದು, ಕೊಳ್ಳುವುದು, ಕಾಯುವುದು

ನನ್ನ ಹಾಡಿನ ಹುಚ್ಚು ಕಲಬುರಗಿಯ ಪರಿಚಯಸ್ಥರಿಗೆಲ್ಲ ಗೊತ್ತು. ಹಾಗಾಗಿ ಎರಡು ಪ್ರಶ್ನೆಗಳು ನನಗೆ ಖಾಯಂ. ಮನೆ ಕೆಡವಿ ಕಟ್ಟುವವರು, "ಅಪ್ಪನ ಕಾಲದ ಕ್ಯಾಸೆಟ್ ಒಂದು ಚೀಲ ಇವೆ, ಏನು ಮಾಡಲಿ?" ಎನ್ನುತ್ತಾರೆ. ಹೊಸದಾಗಿ ರುಚಿ ಹತ್ತಿದ ಹುಡುಗರು, "ಗ್ರಾಮಫೋನ್ ಕೊಳ್ಳಬೇಕು, ಯಾವುದು ಒಳ್ಳೆಯದು?" ಎನ್ನುತ್ತಾರೆ. ಮೊದಲಿನವರಿಗೆ ಗುಜರಿಗೆ ಹಾಕಬೇಡಿ ಎಂದೂ ಎರಡನೆಯವರಿಗೆ ಇಷ್ಟು ಬೇಗ ಕೊಳ್ಳಬೇಡಿ ಎಂದೂ ಹೇಳಿ ಹೇಳಿ ಬಾಯಿ ಸೋತಿದೆ. ಆದ್ದರಿಂದ ಒಮ್ಮೆಗೇ ಬರೆದಿಡುತ್ತಿದ್ದೇನೆ.

ನನ್ನ ಕ್ರಮ ಇದು. ಮೊದಲು ಮನೆಯಲ್ಲಿ ಏನಿದೆ ಎಂದು ನೋಡಿ. ಅದನ್ನು ನುಡಿಸಬಲ್ಲ ಯಂತ್ರವನ್ನು ಮಾತ್ರ ತನ್ನಿ. ಅದರ ಪ್ರತಿ ತೆಗೆದಿಟ್ಟ ಮೇಲೆ ಸಂತೆಗೆ ಹೋಗಿ. ಬಹಳ ಜನ ಹಿಂದುಮುಂದಾಗಿ ಮಾಡುತ್ತಾರೆ: ಮೊದಲು ಹೊಳೆಯುವ ಯಂತ್ರ, ಆಮೇಲೆ ದುಬಾರಿ ತಟ್ಟೆ, ಅಷ್ಟರಲ್ಲಿ ಮನೆಯ ಕ್ಯಾಸೆಟ್‌ಗಳಿಗೆ ಬೂಸ್ಟು. ಕಂಪನಿ ಅಚ್ಚು ಹಾಕಿ ಊರೂರಿಗೆ ಮಾರಿದ ಸಿನಿಮಾ ಹಾಡಿನ ತಟ್ಟೆ ಇಂದಲ್ಲ ನಾಳೆ ಎಲ್ಲಾದರೂ ಸಿಗುತ್ತದೆ. ನಿಮ್ಮೂರಿನ ಭಜನಾ ಮಂಡಳಿ ಶಿವರಾತ್ರಿಯ ಜಾಗರಣೆಯಲ್ಲಿ ಹಾಡಿದ ತತ್ವಪದಗಳನ್ನು ಯಾರೋ ಟೇಪ್ ರಿಕಾರ್ಡರ್ ಇಟ್ಟು ತುಂಬಿಕೊಂಡ ಕ್ಯಾಸೆಟ್ ಜಗತ್ತಿನಲ್ಲಿ ಒಂದೇ ಇರುತ್ತದೆ.

1. ಪೆಟ್ಟಿಗೆ ತೆರೆಯಿರಿ, ನುಡಿಸಬೇಡಿ

ಸಂಜೆ ಬಿಸಿಲು ಇಳಿದ ಮೇಲೆ ಒಣ ನೆಲದ ಮೇಲೆ ಹಳೆಯ ಬಿಳಿ ಪಂಚೆ ಹಾಸಿ ಎಲ್ಲವನ್ನೂ ಹರವಿ. ಸಾಮಾನ್ಯವಾಗಿ ಸಿಗುವುದು ಐದು ಬಗೆ.

ಭಾರವಾಗಿದ್ದು, ಕೈಜಾರಿದರೆ ಗಾಜಿನ ಬಳೆಯಂತೆ ಚೂರಾಗುವುದು 78 ಆರ್‌ಪಿಎಂ ತಟ್ಟೆ. ಆರ್‌ಪಿಎಂ ಎಂದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ. ಇದಕ್ಕೆ ಮೂಲ ಅರಗು. ಹತ್ತು ಇಂಚಿನ ತಟ್ಟೆಯಲ್ಲಿ ಬದಿಗೆ ಸುಮಾರು ಮೂರು ನಿಮಿಷ ಹಾಡು. ಒಂದು ತಾಸು ಹಾಡುವ ರಾಗವನ್ನು ಗವಾಯಿಗಳು ಆ ಮೂರು ನಿಮಿಷಕ್ಕೆ ಇಳಿಸುತ್ತಿದ್ದರು. ಬಾಗಿದರೂ ಮುರಿಯದ ಹನ್ನೆರಡು ಇಂಚಿನದು ಎಲ್‌ಪಿ. 1948ರಲ್ಲಿ ಬಂದದ್ದು, ವಿನೈಲ್ ಎಂಬ ಪ್ಲಾಸ್ಟಿಕ್‌ನಿಂದ ಆದದ್ದು. ನಿಮಿಷಕ್ಕೆ 33⅓ ಸುತ್ತು, ಬದಿಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ. ಏಳು ಇಂಚಿನ ಚಿಕ್ಕವು ಬಹುತೇಕ 45 ಸುತ್ತಿನವು. ಇನ್ನು ಕ್ಯಾಸೆಟ್, ಫಿಲಿಪ್ಸ್ ಕಂಪನಿ 1963ರಲ್ಲಿ ತಂದದ್ದು, ನಮ್ಮ ಮನೆಗಳಲ್ಲಿ ಹೆಚ್ಚು ಸಿಗುವುದು ಇದೇ. ಕೊನೆಯದು ಸಿಡಿ.

ನಮ್ಮ ಭಾಗದ ಪೆಟ್ಟಿಗೆಗಳಲ್ಲಿ ಕನ್ನಡದ ಜೊತೆ ಉರ್ದು, ಮರಾಠಿ ತಟ್ಟೆಗಳು ಬೆರೆತಿರುವುದು ಕಂಡರೆ ಆಶ್ಚರ್ಯಪಡಬೇಡಿ. 1948ರವರೆಗೆ ನಿಜಾಮರ ಆಳ್ವಿಕೆ, 1956ರವರೆಗೆ ಹೈದರಾಬಾದ್ ರಾಜ್ಯ, ಪಕ್ಕದಲ್ಲಿ ಸೊಲ್ಲಾಪುರ: ಹಾಡುಗಳೂ ಅದೇ ದಾರಿಯಲ್ಲಿ ಬಂದಿವೆ. ಉರ್ದು ಲಿಪಿ ಇರುವ ಲೇಬಲ್ ಓದಲು ಬಾರದಿದ್ದರೆ ಪಕ್ಕಕ್ಕೆ ಇಡಿ, ಬಿಸಾಡಬೇಡಿ. ನಿಮ್ಮ ಓಣಿಯಲ್ಲೇ ಓದುವ ಹಿರಿಯರು ಸಿಗುತ್ತಾರೆ, ಓದುತ್ತಾ ಎರಡು ಸಾಲು ಹಾಡಿಯೂ ತೋರಿಸುತ್ತಾರೆ.

ಈಗ ಕೈಬರಹದ ಕ್ಯಾಸೆಟ್‌ಗಳನ್ನೆಲ್ಲ ಒಂದು ಗುಂಪು ಮಾಡಿ. ಮದುವೆ, ಉರುಸಿನ ಕವ್ವಾಲಿ, ಮೊಹರಂ ಪದ, ಪುರಾಣ ಪ್ರವಚನ, ರೇಡಿಯೊದಿಂದ ತುಂಬಿಕೊಂಡದ್ದು, ಅಜ್ಜಿಯ ಬೀಸುವ ಪದ, ಏನೇ ಇರಲಿ, ಈ ಗುಂಪಿಗೇ ಮೊದಲ ಮಣೆ. ಏನೂ ಬರೆದಿಲ್ಲದ ಕ್ಯಾಸೆಟ್ ಖಾಲಿ ಎಂದು ತಿಳಿಯಬೇಡಿ; ನನಗೆ ಸಿಕ್ಕ ಅತಿ ಒಳ್ಳೆಯ ತತ್ವಪದಗಳು ಅಂಥದ್ದರಲ್ಲೇ ಇದ್ದವು.

ಎಚ್ಚರಿಕೆ: ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಒಂದೊಂದು ಬದಿಗೆ ಒಂದೊಂದು. ಅವನ್ನು ಚಿಕ್ಕ ಸ್ಕ್ರೂಡ್ರೈವರ್‌ನಿಂದ ಮುರಿದುಬಿಡಿ. ಆ ಮೇಲೆ ಆ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಗುಂಡಿ ಒತ್ತಲು ಬರುವುದಿಲ್ಲ. ಇದನ್ನು ಮಾಡದೆ, ಪ್ಲೇ ಬದಲು ರೆಕಾರ್ಡ್ ಒತ್ತಿ, ತೀರಿಕೊಂಡ ತಾಯಿಯ ದನಿಯ ಮೇಲೆ ಫ್ಯಾನಿನ ಸದ್ದು ತುಂಬಿಕೊಂಡವರನ್ನು ನಾನು ಬಲ್ಲೆ.

2. ಕ್ಯಾಸೆಟ್ಟಿಗೆ ಮೊದಲು ಚಿಕಿತ್ಸೆ

ಬೇಕಾದದ್ದು: ಆರು ಮೂಲೆಯ ಪೆನ್ಸಿಲ್, ಕಿವಿಗೆ ಬಳಸುವ ಹತ್ತಿಕಡ್ಡಿ, ಚಿಕ್ಕ ಸ್ಕ್ರೂಡ್ರೈವರ್, ಐಪಿಎ ಎಂದು ಮಾರುವ ಐಸೊಪ್ರೊಪೈಲ್ ಆಲ್ಕೊಹಾಲ್, ಮತ್ತು ಒಂದು ನೆಟ್ಟಗಿರುವ ಟೇಪ್ ರಿಕಾರ್ಡರ್ ಅಥವಾ ಡೆಕ್ (ಸ್ಪೀಕರ್ ಇಲ್ಲದ ಕ್ಯಾಸೆಟ್ ಯಂತ್ರ). ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಬಳಸುವುದು ಇದೇ ಐಪಿಎ. ಎಲ್ಲಿ ಸಿಗುತ್ತದೆ ಎಂದು ಅವರನ್ನು ಕೇಳಿ. ಸ್ಯಾನಿಟೈಜರ್ ಬೇಡ, ಅದರಲ್ಲಿ ಜಿಡ್ಡು ಬೆರೆತಿರುತ್ತದೆ.

ಕ್ಯಾಸೆಟ್ಟಿನ ಬಾಯಿಯ ಕಡೆ ನೋಡಿ. ನಡುವೆ ತಾಮ್ರದ ಬಣ್ಣದ ಪಟ್ಟಿಯ ಮೇಲೆ ಉಣ್ಣೆಯಂಥ ಪುಟ್ಟ ಮೆತ್ತೆ ಇರಬೇಕು. ಟೇಪನ್ನು ಹೆಡ್‌ಗೆ, ಅಂದರೆ ದನಿಯನ್ನು ಓದುವ ಲೋಹದ ಭಾಗಕ್ಕೆ, ಒತ್ತಿ ಹಿಡಿಯುವುದು ಇದೇ ಮೆತ್ತೆ. ಅಂಟು ಒಣಗಿ ಅದು ಉದುರಿದ್ದರೆ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ, ಜನ ಕ್ಯಾಸೆಟ್ಟೇ ಹಾಳಾಯಿತೆಂದು ಎಸೆಯುತ್ತಾರೆ. ಪರಿಹಾರ ಸುಲಭ. ನಾಲ್ಕೈದು ಸ್ಕ್ರೂ ಇರುವ ಒಂದು ಕೆಲಸಕ್ಕೆ ಬಾರದ ಕ್ಯಾಸೆಟ್ ತೆಗೆದುಕೊಂಡು, ಅದರ ಕವಚದೊಳಗೆ ನಿಮ್ಮ ಟೇಪಿನ ಎರಡು ಸುರುಳಿಗಳನ್ನು ಕೂರಿಸಿ. ಕವಚ ತೆರೆಯುವ ಮೊದಲು ಮೊಬೈಲ್‌ನಲ್ಲಿ ಒಳಗಿನ ದಾರಿಯ ಫೋಟೊ ತೆಗೆದುಕೊಳ್ಳಿ, ಟೇಪ್ ಯಾವ ಗಾಲಿಯ ಹೊರಗೆ ಹೋಗುತ್ತದೆ ಎಂಬುದು ಆಮೇಲೆ ನೆನಪಿಗೆ ಬರುವುದಿಲ್ಲ. ಮೊದಲ ಪ್ರಯೋಗವನ್ನು ಬೇಡವಾದ ಕ್ಯಾಸೆಟ್ಟಿನ ಮೇಲೆ ಮಾಡಿ.

ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಸ್ಟು. ಅಂಥದ್ದನ್ನು ಹಾಗೇ ಹಾಕಿದರೆ ಹೆಡ್ಡಿಗೂ, ಅದರ ಮೂಲಕ ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಬೇರೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊನೆಗೆ ನೋಡಿಕೊಳ್ಳಿ.

ಹಲವು ವರ್ಷ ತಿರುಗದ ಟೇಪ್ ಪದರಕ್ಕೆ ಪದರ ಹತ್ತಿಕೊಂಡಿರುತ್ತದೆ. ಪೆನ್ಸಿಲ್ ತೂರಿಸಿ ನಾಲ್ಕು ಸುತ್ತು ಕೈಯಿಂದ ತಿರುಗಿಸಿ ಸಡಿಲ ಮಾಡಿ. ಆಮೇಲೆ ಯಂತ್ರಕ್ಕೆ ಹಾಕಿ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ. ಆಗ ಮಾತ್ರ ಪ್ಲೇ ಒತ್ತಿ. ಸಿ-60, ಸಿ-90 ಎಂಬ ಅಂಕೆ ಎರಡು ಬದಿ ಸೇರಿ ಒಟ್ಟು ನಿಮಿಷ ಹೇಳುತ್ತದೆ. ಸಿ-120 ಇದ್ದರೆ ಜೋಪಾನ: ಉದ್ದ ಹಿಡಿಸಲು ಟೇಪನ್ನು ಬಹಳ ತೆಳುವಾಗಿ ಮಾಡಿರುತ್ತಾರೆ, ಯಂತ್ರ ನುಂಗುವುದು ಅದನ್ನೇ. ನುಂಗಿದರೆ ಎಳೆಯಬೇಡಿ. ಯಂತ್ರದ ವೈರ್ ಕಿತ್ತು, ಬಾಗಿಲು ಬಿಚ್ಚಿ, ರಬ್ಬರ್ ಗಾಲಿಯನ್ನು ಬೆರಳಿನಿಂದ ಹಿಂದಕ್ಕೆ ತಿರುಗಿಸಿ ಬಿಡಿಸಿ. ತುಂಡಾದರೆ ಟೇಪ್ ಜೋಡಿಸಲೆಂದೇ ಇರುವ ಅಂಟುಪಟ್ಟಿ ಬೇಕು. ಪೊಟ್ಟಣ ಕಟ್ಟುವ ಸೆಲ್ಲೋಟೇಪ್ ಹಚ್ಚಿದರೆ ಅದರ ಅಂಟು ನಮ್ಮ ಬಿಸಿಲಿಗೆ ಕರಗಿ ಪಕ್ಕದ ಸುತ್ತುಗಳನ್ನೂ ಹಿಡಿದುಕೊಳ್ಳುತ್ತದೆ.

ಯಂತ್ರದ ಕಡೆ ಬನ್ನಿ. ಹಳೆಯ ಟೇಪ್ ರಿಕಾರ್ಡರ್ ಸಿಕ್ಕಿತೆಂದು ಖುಷಿಯಲ್ಲಿ ನೇರ ಮನೆಯ ಕ್ಯಾಸೆಟ್ ಹಾಕುವವರೇ ಹೆಚ್ಚು. ಹಾಗೆ ಮಾಡಬೇಡಿ. ಹತ್ತಿಕಡ್ಡಿಗೆ ಎರಡು ಹನಿ ಐಪಿಎ ಹಾಕಿ ಹೆಡ್ಡನ್ನೂ ಪಕ್ಕದ ಉಕ್ಕಿನ ಕಡ್ಡಿಯನ್ನೂ ಒರೆಸಿ. ಕಡ್ಡಿ ಕಂದು ಬಣ್ಣವಾಗುವುದು ನಿಲ್ಲುವವರೆಗೆ ಒರೆಸಿ. ರಬ್ಬರ್ ಗಾಲಿಗೆ ಮಾತ್ರ ಸಾಬೂನು ನೀರು ಸಾಕು, ಆಲ್ಕೊಹಾಲ್ ರಬ್ಬರನ್ನು ಒಣಗಿಸುತ್ತದೆ. ಒಳಗಿನ ಬೆಲ್ಟ್ ಹಳೆಯದಾದರೆ ಬೆಲ್ಲದ ಪಾಕದಂತೆ ಅಂಟಾಗಿರುತ್ತದೆ, ಇಲ್ಲವೇ ಸಡಿಲವಾಗಿ ದನಿ ತೂರಾಡುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಸುತ್ತಮುತ್ತ ಹಳೆಯ ರೇಡಿಯೊ, ಆಂಪ್ಲಿಫೈಯರ್ ರಿಪೇರಿ ಮಾಡುವ ಕೈಗಳು ಈಗಲೂ ಉಳಿದಿವೆ. ಅವರ ಬಳಿ ಬೆಲ್ಟ್ ಬದಲಿಸಿಕೊಳ್ಳಿ. ವೇಗ ಸರಿಯಿದೆಯೇ ಎಂದು ನೋಡಲು ಮನೆಮಂದಿಗೆಲ್ಲ ಬಾಯಿಪಾಠವಾದ ಕಂಪನಿಯ ಕ್ಯಾಸೆಟ್ ಒಂದನ್ನು ಹಾಕಿ, ಅದೇ ಹಾಡನ್ನು ಮೊಬೈಲ್‌ನಲ್ಲೂ ಒಟ್ಟಿಗೆ ಶುರು ಮಾಡಿ. ಎರಡು ನಿಮಿಷದಲ್ಲಿ ಒಂದು ಮುಂದೆ ಓಡಿದ್ದರೆ ರಿಪೇರಿಯವರಿಗೆ ಹೇಳಿ, ಮೋಟಾರಿನಲ್ಲಿ ವೇಗ ತಿದ್ದುವ ಪುಟ್ಟ ತಿರುಪು ಸಾಮಾನ್ಯವಾಗಿ ಇರುತ್ತದೆ.

ಎಲ್ಲ ಸರಿಯಿದ್ದೂ ದನಿ ಮಂಕಾಗಿದ್ದರೆ ಕಾರಣ ಬಹುತೇಕ ಅಜಿಮತ್. ಹೆಡ್ ಟೇಪಿಗೆ ನೇರವಾಗಿ ನಿಲ್ಲದೆ ಕೂದಲೆಳೆಯಷ್ಟು ಓರೆಯಾಗಿರುವುದಕ್ಕೆ ಸಂಬಂಧಿಸಿದ ಮಾತು ಇದು. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಒಂದು ಓರೆಯಲ್ಲಿ, ನಿಮ್ಮ ಯಂತ್ರದ್ದು ಇನ್ನೊಂದು ಓರೆಯಲ್ಲಿ ಇದ್ದರೆ ತಾಳದ ಝಣಝಣ ಸತ್ತುಹೋಗುತ್ತದೆ. ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಕ್ಯಾಸೆಟ್ ನುಡಿಯುತ್ತಿರುವಾಗಲೇ ತುಸು ತುಸು ತಿರುಗಿಸಿ, ಭಜನೆಯ ತಾಳ ಅತಿ ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಅರ್ಧ ಸುತ್ತಿಗಿಂತ ಹೆಚ್ಚು ಬೇಕಾಗುವುದಿಲ್ಲ. ಬೇರೆಯವರ ಯಂತ್ರದಲ್ಲಿ ಈ ಕೈಚಳಕ ಬೇಡ.

3. ಪ್ರತಿ ತೆಗೆಯುವುದು

ಟೇಪ್ ರಿಕಾರ್ಡರ್ ಮುಂದೆ ಮೊಬೈಲ್ ಇಟ್ಟು ತುಂಬಿಕೊಳ್ಳುವುದು ಪ್ರತಿ ಅಲ್ಲ. ಅದರಲ್ಲಿ ಕುಕ್ಕರ್ ಸೀಟಿಯೂ ಇರುತ್ತದೆ. ಯಂತ್ರದ ಲೈನ್ ಔಟ್ ಅಥವಾ ಇಯರ್‌ಫೋನ್ ತೂತಿನಿಂದ ವೈರ್ ತೆಗೆದು ಕಂಪ್ಯೂಟರಿಗೆ ಕೊಡಬೇಕು. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟರೆ ದನಿ ಒಡೆಯುತ್ತದೆ, ಎಡಕ್ಕೂ ಬಲಕ್ಕೂ ಬೇರೆ ಬೇರೆ ಬರುವ (ಸ್ಟೀರಿಯೊ) ದನಿ ಒಂದಾಗುತ್ತದೆ. ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಅದು ಬರುವ ದನಿಯನ್ನು ಅಂಕೆಗಳಾಗಿ ಬದಲಿಸಿ ಕಂಪ್ಯೂಟರಿಗೆ ತಲುಪಿಸುತ್ತದೆ. ಕೊಳ್ಳುವಾಗ "ಲೈನ್ ಇನ್, ಸ್ಟೀರಿಯೊ" ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ತಂತ್ರಾಂಶಕ್ಕೆ ಹಣ ಬೇಡ, ಉಚಿತವಾಗಿ ಸಿಗುವ ಆಡಾಸಿಟಿ ಸಾಕು.

48 ಕಿಲೋಹರ್ಟ್ಸ್, 24 ಬಿಟ್ ಆರಿಸಿ. ಮೊದಲನೆಯದು ಸೆಕೆಂಡಿಗೆ ಎಷ್ಟು ಬಾರಿ ದನಿಯನ್ನು ಅಳೆಯಬೇಕು, ಎರಡನೆಯದು ಪ್ರತಿ ಅಳತೆ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದು. ಈ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ, ಒಂದು ಸಿ-60 ಕ್ಯಾಸೆಟ್ಟಿಗೆ ಹೆಚ್ಚೂಕಡಿಮೆ ಒಂದು ಜಿಬಿ ಜಾಗ ಬೇಕು. ಫ್ಲಾಕ್ ರೂಪದಲ್ಲಿ ಉಳಿಸಿದರೆ ದನಿಯ ಒಂದು ಎಳೆಯೂ ಹೋಗದೆ ಗಾತ್ರ ಮಾತ್ರ ಸಾಕಷ್ಟು ಇಳಿಯುತ್ತದೆ. ಎಂಪಿ3 ಹಾಗಲ್ಲ, ಅದು ದನಿಯ ಸ್ವಲ್ಪ ಭಾಗವನ್ನು ಬಿಸಾಡಿಯೇ ಚಿಕ್ಕದಾಗುವುದು. ಹಂಚಲು ಎಂಪಿ3, ಕಾಪಿಡಲು ಫ್ಲಾಕ್.

ಹಾಡಿನ ಅತಿ ಜೋರಾದ ಜಾಗ ಹುಡುಕಿ, ಅಲ್ಲಿ ಮಟ್ಟದ ಪಟ್ಟಿ ಮೈನಸ್ 6ರ ಹತ್ತಿರ ನಿಲ್ಲುವಂತೆ ಹೊಂದಿಸಿ. ಕೆಂಪು ಮುಟ್ಟಿದರೆ ಆ ಒಡಕು ಮತ್ತೆ ತಿದ್ದಲು ಬರುವುದಿಲ್ಲ. ಆಮೇಲೆ ಬದಿ ಮುಗಿಯುವವರೆಗೆ ಕುಳಿತು ಕೇಳಿ. ಹಾಕಿಟ್ಟು ಎದ್ದುಹೋದರೆ ಟೇಪ್ ಸಿಕ್ಕಿಕೊಂಡದ್ದು ಅರ್ಧ ಗಂಟೆಯ ನಂತರ ಗೊತ್ತಾಗುತ್ತದೆ.

ಎಲ್ಲರೂ ಬೀಳುವ ಹಳ್ಳ ಇಲ್ಲೊಂದಿದೆ: "ನಾಯ್ಸ್ ರಿಡಕ್ಷನ್". ಹಿಸ್ಸೆನ್ನುವ ಸದ್ದು ತೆಗೆಯುವ ಈ ಸವಲತ್ತು ಏಕತಾರಿಯ ಮಿಡಿತವನ್ನೂ ಹಾಡುಗಾರನ ಉಸಿರನ್ನೂ ಹಿಸ್ಸೆಂದೇ ತಿಳಿದು ತಿಂದುಹಾಕುತ್ತದೆ. ಬೇಕಿದ್ದರೆ ಇನ್ನೊಂದು ಪ್ರತಿಯ ಮೇಲೆ ಆಡಿ. ಮೊದಲ ಫೈಲನ್ನು ಮುಟ್ಟಬೇಡಿ. ನನ್ನ ಮಟ್ಟಿಗೆ ಹಿಸ್ಸೆನ್ನುವ ತತ್ವಪದವೇ ವಾಸಿ, ನೀರೊಳಗೆ ಹಾಡಿದಂಥದ್ದು ಬೇಡ.

ಹೆಸರಿಡುವಾಗ "ಹಾಡು 1", "ಹಾಡು 2" ಎಂದಿಟ್ಟರೆ ವರ್ಷದ ನಂತರ ನಿಮಗೇ ಗುರುತು ಹತ್ತುವುದಿಲ್ಲ. ಊರು, ಸಂದರ್ಭ, ಹಾಡಿದವರು, ಅಂದಾಜು ವರ್ಷ, ಕ್ಯಾಸೆಟ್ ಅಂಕೆ, ಬದಿ, ಈ ಕ್ರಮ ಇರಲಿ. ಹಾಡಿದವರ ಹೆಸರು ತಿಳಿಯದಿದ್ದರೆ ಊರಿನ ಹಿರಿಯರಿಗೆ ಕೇಳಿಸಿ, ಹಾರ್ಮೋನಿಯಂ ಯಾರದು ಎಂಬುದನ್ನೂ ಅವರು ದನಿಯಲ್ಲೇ ಗುರುತಿಸುತ್ತಾರೆ. ತತ್ವಪದದಲ್ಲಿ ಬರೆದವರು ಯಾರೆಂಬುದಕ್ಕೆ ಕೊನೆಯ ನುಡಿಯ ಅಂಕಿತ ನೋಡಿ. ನಮ್ಮ ಕಡೆ ಕಡಕೋಳದ ಮಡಿವಾಳಪ್ಪನವರ ಪದಗಳು ಮನೆಮಾತಾಗಿರುವುದರಿಂದ ಕೇಳಿದ್ದೆಲ್ಲ ಅವರದೇ ಎಂದು ಬರೆದುಕೊಳ್ಳುವ ರೂಢಿ ಇದೆ. ಅವರ ಶಿಷ್ಯಪರಂಪರೆಯೂ ದೊಡ್ಡದು, ಅಂಕಿತ ಕೇಳದೆ ಹೆಸರು ಹಾಕಬೇಡಿ.

ಪ್ರತಿಗಳು ಮೂರಿರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಬೇರೆ ಊರಿನ ತಂಗಿಯ ಮನೆಯಲ್ಲೋ ಗೆಳೆಯನ ಮನೆಯಲ್ಲೋ ಒಂದು. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

4. ತಟ್ಟೆಗೆ ತಕ್ಕ ಯಂತ್ರ

ಇಲ್ಲಿ ಹಣ ಕಳೆದುಕೊಳ್ಳುವವರೇ ಹೆಚ್ಚು. ಹಿತ್ತಾಳೆಯ ದೊಡ್ಡ ಕಹಳೆ, ಎಂಟು ಮೂಲೆಯ ಕೆತ್ತನೆಯ ಪೆಟ್ಟಿಗೆ, ಮೇಲೆ ನಾಯಿಯ ಚಿತ್ರ: "ಪುರಾತನ ಗ್ರಾಮಫೋನ್" ಎಂದು ಮಾರುವ ಇಂಥವು ಬಹುಪಾಲು ಇತ್ತೀಚೆಗೆ ಜೋಡಿಸಿದವು. ಮುರಿದ ಹಳೆಯ ಪೆಟ್ಟಿಗೆಯ ಮೋಟಾರಿಗೆ ಹೊಸ ಮರ, ಹೊಸ ಕಹಳೆ ಹಾಕಿರುತ್ತಾರೆ. ಗೋಡೆಗೆ ಅಂದವಾದೀತು, ಹಾಡಿಗಲ್ಲ. ನಮ್ಮ ಮನೆಗಳಲ್ಲಿ ನಿಜವಾಗಿ ಇದ್ದವುಗಳಲ್ಲಿ ಹೆಚ್ಚಿನವು ಕಹಳೆ ಕಾಣದ, ಸೂಟ್‌ಕೇಸಿನಂತೆ ಮುಚ್ಚುವ ಕೀಲಿ ಯಂತ್ರಗಳು. ನಾಯಿ ಗುರುತಿನ ಗ್ರಾಮಫೋನ್ ಕಂಪನಿ 1931ರಿಂದ ತಯಾರಿಸಿದ ಎಚ್‌ಎಂವಿ 102 ಅವುಗಳಲ್ಲಿ ಪ್ರಸಿದ್ಧ. ಅಂಥದ್ದು ಅಟ್ಟದಲ್ಲಿದ್ದರೆ ಅದೃಷ್ಟ. ಅದಕ್ಕೆ ಉಕ್ಕಿನ ಮುಳ್ಳು ಬೇಕು, ಒಂದು ಬದಿಗೆ ಒಂದು ಮುಳ್ಳು, ಮುಗಿದೊಡನೆ ಬಿಸಾಡಬೇಕು. ಸವೆದ ಮುಳ್ಳು ತಟ್ಟೆಯ ಗೆರೆಯನ್ನು ಉಳುತ್ತದೆ. ಈ ಯಂತ್ರದ ಮೇಲೆ ಎಲ್‌ಪಿ ಇಟ್ಟರೆ ಒಂದೇ ಸಲಕ್ಕೆ ಎಲ್‌ಪಿ ಹೋಯಿತೆಂದು ತಿಳಿಯಿರಿ.

ಎಲ್‌ಪಿಗೆ ಕರೆಂಟಿನಿಂದ ತಟ್ಟೆ ತಿರುಗಿಸುವ ಟರ್ನ್‌ಟೇಬಲ್ ಬೇಕು. ಒಂದೇ ಒಂದನ್ನು ನೋಡಿ: ಮುಳ್ಳಿನ ಭಾರವನ್ನು ಹೊಂದಿಸುವ ವ್ಯವಸ್ಥೆ ತೋಳಿನ ಹಿಂದೆ ಇದೆಯೇ? ಒಳ್ಳೆಯ ಮುಳ್ಳುಗಳು ಸಾಮಾನ್ಯವಾಗಿ ಎರಡು ಗ್ರಾಂ ಆಸುಪಾಸಿನ ಭಾರದಲ್ಲಿ ಓಡುತ್ತವೆ. ಬಣ್ಣಬಣ್ಣದ ಅಗ್ಗದ ಸೂಟ್‌ಕೇಸ್ ಟರ್ನ್‌ಟೇಬಲ್‌ಗಳಲ್ಲಿ ಅದರ ದುಪ್ಪಟ್ಟೋ ಇನ್ನೂ ಹೆಚ್ಚೋ ಇರುತ್ತದೆ, ತಿದ್ದಲು ದಾರಿಯಿಲ್ಲ. 78ರ ಗೆರೆ ಅಗಲ, ಎಲ್‌ಪಿಯ ಗೆರೆ ಸಪೂರ. ಎರಡಕ್ಕೂ ಒಂದೇ ಮುಳ್ಳು ನಡೆಯುವುದಿಲ್ಲ, 78ಕ್ಕೆ ಬೇರೆ ಮುಳ್ಳು ಸಿಗುತ್ತದೆ.

ಟರ್ನ್‌ಟೇಬಲ್‌ನಿಂದ ಬರುವ ದನಿ ಬಹಳ ಕ್ಷೀಣ, ಮೇಲಾಗಿ ತಟ್ಟೆಯಲ್ಲಿ ಮಂದ್ರ ತಗ್ಗಿಸಿ ತಾರ ಹೆಚ್ಚಿಸಿ ಕೊರೆದಿರುತ್ತಾರೆ. ಅದನ್ನು ಮತ್ತೆ ಸಮ ಮಾಡಿ ಎತ್ತಿಕೊಡುವ ಪೆಟ್ಟಿಗೆಯೇ ಫೋನೊ ಪ್ರೀಆಂಪ್. ಕೆಲವು ಟರ್ನ್‌ಟೇಬಲ್‌ಗಳಲ್ಲಿ ಒಳಗೇ ಇರುತ್ತದೆ. ಅದಿಲ್ಲದೆ ನೇರ ಆಂಪ್ಲಿಫೈಯರಿಗೆ ಕೊಟ್ಟರೆ ಸೊಳ್ಳೆ ಹಾಡಿದಂತಿರುತ್ತದೆ. ಗುಂಯ್ ಎಂಬ ಸದ್ದು ಬಿಡದಿದ್ದರೆ ಟರ್ನ್‌ಟೇಬಲ್‌ನ ಅರ್ಥ್ ವೈರನ್ನು ಆಂಪ್ಲಿಫೈಯರಿಗೆ ಸೇರಿಸಿದ್ದೀರಾ ನೋಡಿ. ಕೂಲರ್ ಇರುವ ಬೋರ್ಡಿನಿಂದಲೇ ಕರೆಂಟ್ ಕೊಡಬೇಡಿ.

5. ತೊಳೆಯುವುದು

ಎಲ್‌ಪಿ ತೊಳೆಯಲು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಲೇಬಲ್ಲಿಗೆ ನೀರು ತಗಲದಂತೆ, ಗೆರೆ ಸುತ್ತುವ ದಿಕ್ಕಿನಲ್ಲೇ, ಮೆತ್ತನೆಯ ಬ್ರಷ್ ಆಡಿಸಿ. ಕೊನೆಯ ಜಾಲಾಟಕ್ಕೆ ನಮ್ಮ ಕೊಳವೆಬಾವಿ ನೀರು ಬೇಡವೇ ಬೇಡ, ಒಣಗಿದ ಮೇಲೆ ಪಾತ್ರೆಯ ಮೇಲೆ ಉಳಿಯುವ ಬಿಳಿ ಸುಣ್ಣವೇ ಗೆರೆಯೊಳಗೂ ಕೂರುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಅದೇ ಅಂಗಡಿಯಲ್ಲಿ ಬ್ಯಾಟರಿ ಆಸಿಡ್ ಕ್ಯಾನುಗಳೂ ಪಕ್ಕದಲ್ಲೇ ಇರುತ್ತವೆ, ಲೇಬಲ್ ಓದಿ ತೆಗೆದುಕೊಳ್ಳಿ.

78 ತಟ್ಟೆಗೆ ಆಲ್ಕೊಹಾಲ್ ಮುಟ್ಟಿಸಬೇಡಿ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ. ಮರಕ್ಕೆ ಪಾಲಿಶ್ ಮಾಡುವವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸುವುದು ನೋಡಿಲ್ಲವೇ? ಕ್ಯಾಸೆಟ್ ಹೆಡ್ಡಿಗೆ ತಂದ ಐಪಿಎಯನ್ನು ಉತ್ಸಾಹದಲ್ಲಿ ತಟ್ಟೆಗೂ ಹಚ್ಚಿ ಹಾಡನ್ನೇ ಒರೆಸಿಹಾಕಿದವರಿದ್ದಾರೆ. ಒದ್ದೆ ಬಟ್ಟೆಯಿಂದ ಬೇಗ ಒರೆಸಿ, ಕೂಡಲೇ ಒಣಗಿಸಿ. ಮಿಂಚಲಿ ಎಂದು ಕೊಬ್ಬರಿ ಎಣ್ಣೆ ಸವರುವುದೂ ಬೇಡ.

6. ಈಗ ಸಂತೆಗೆ

ಕಲಬುರಗಿಯಲ್ಲಿ ತಟ್ಟೆ ಮಾರುವ ಅಂಗಡಿ ಹುಡುಕಿ ಅಲೆಯಬೇಡಿ. ಒಂದು ಕಾಲದ ಕ್ಯಾಸೆಟ್ ಅಂಗಡಿಗಳಲ್ಲಿ ಈಗ ಮೊಬೈಲ್ ಕವರ್ ನೇತಾಡುತ್ತಿವೆ, ಆದರೂ ಒಳಗೆ ಹೋಗಿ "ಹಿಂದಿನ ಗೋದಾಮಿನಲ್ಲಿ ಏನಾದರೂ ಉಳಿದಿದೆಯೇ?" ಎಂದು ಕೇಳಿ. ಗುಜರಿ ಅಂಗಡಿಯವರಿಗೆ ನಿಮ್ಮ ನಂಬರ್ ಕೊಟ್ಟಿಡಿ, ತೂಕಕ್ಕೆ ಬಂದ ಕ್ಯಾಸೆಟ್ ಅವರಿಗೆ ಬರೀ ಪ್ಲಾಸ್ಟಿಕ್. ದೊಡ್ಡ ಬೇಟೆಗೆ ಹೈದರಾಬಾದ್: ಗುರುವಾರದ ಜುಮೇರಾತ್ ಬಜಾರ್, ಭಾನುವಾರ ಅಬಿಡ್ಸ್‌ನ ಪುಸ್ತಕದ ಫುಟ್‌ಪಾತ್. ಬೀದರಿನವರಿಗಂತೂ ಬೆಂಗಳೂರಿಗಿಂತ ಅದೇ ಹತ್ತಿರ. ಬೆಂಗಳೂರಿಗೆ ಹೋದರೆ ಸಂಡೇ ಬಜಾರ್, ಮುಂಬೈಗೆ ಹೋದರೆ ಚೋರ್ ಬಜಾರ್.

ತಟ್ಟೆಯನ್ನು ಲಕೋಟೆಯಿಂದ ತೆಗೆಯದೆ ಬೆಲೆ ಮಾತಾಡಬೇಡಿ. ಬಿಸಿಲಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಉಗುರು ಆಡಿಸಿದಾಗ ತಡೆಯುವ ಗೀರು ಹಾಡಿನಲ್ಲೂ ಟಕ್ ಟಕ್ ಎನ್ನುತ್ತದೆ, ಉಗುರಿಗೆ ಸಿಗದ್ದು ಬಹುತೇಕ ಲೆಕ್ಕಕ್ಕಿಲ್ಲ. ಕಣ್ಣಿನ ಮಟ್ಟಕ್ಕೆ ಹಿಡಿದು ಸೊಟ್ಟಗಾಗಿದೆಯೇ ನೋಡಿ. 78 ತಟ್ಟೆಯನ್ನು ನಡುವಿನ ತೂತಿನಲ್ಲಿ ಬೆರಳಿಟ್ಟು ಎತ್ತಿ ಅಂಚಿಗೆ ಮೆಲ್ಲಗೆ ತಟ್ಟಿ: ಠಣ್ ಎಂದರೆ ಗಟ್ಟಿ, ಬೊದ್ ಎಂದರೆ ಎಲ್ಲೋ ಕೂದಲೆಳೆಯ ಬಿರುಕಿದೆ. ಮಡಕೆ ಕೊಳ್ಳುವ ಪರೀಕ್ಷೆಯೇ ಇದು. ಲಕೋಟೆಯ ಮೇಲಿನ ಹಾಡೂ ಒಳಗಿನ ಲೇಬಲ್ಲೂ ಒಂದೇ ಎಂದು ತಾಳೆ ನೋಡುವುದನ್ನು ಮರೆಯಬೇಡಿ. ಹಳೆಯ ಎಚ್‌ಎಂವಿ ಎಲ್‌ಪಿಗಳ ಸಂಖ್ಯೆಯ ಮುಂದೆ ಇಎಎಲ್‌ಪಿ, ಇಸಿಎಲ್‌ಪಿ ಎಂದಿದ್ದರೆ ಮಾನೊ, ಅಂದರೆ ಎಡಬಲಕ್ಕೆ ಒಂದೇ ದನಿ; ಇಎಎಸ್‌ಡಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಸ್ಟೀರಿಯೊ ಎಂದು ಹೆಚ್ಚು ಬೆಲೆ ಹೇಳಿದಾಗ ಇದು ಉಪಯೋಗಕ್ಕೆ ಬರುತ್ತದೆ.

"ಅಪರೂಪ" ಎಂಬ ಮಾತಿಗೆ ಕಿವಿಗೊಡಬೇಡಿ, ಮಾರುವವನಿಗೆ ಎಲ್ಲವೂ ಅಪರೂಪವೇ. ನನ್ನ ನಿಯಮ ಒಂದೇ: ಮನೆಗೆ ಹೋದ ದಿನವೇ ಕೇಳಬೇಕೆನಿಸದ ತಟ್ಟೆಯನ್ನು ಕೊಳ್ಳುವುದಿಲ್ಲ. ಈ ನಿಯಮ ಮುರಿದು ತಂದ ನಲವತ್ತು ತಟ್ಟೆಗಳು ನನ್ನ ಕಪಾಟಿನ ಕೆಳಗಿನ ಅರೆಯಲ್ಲಿ ಈಗಲೂ ನನ್ನನ್ನು ನೋಡುತ್ತಿವೆ.

ಅಂಚೆಯಲ್ಲಿ ತರಿಸುವುದಾದರೆ, ತಟ್ಟೆಯನ್ನು ಲಕೋಟೆಯಿಂದ ಹೊರಗಿಟ್ಟು, ಎರಡೂ ಕಡೆ ಗಟ್ಟಿ ರಟ್ಟು ಇಟ್ಟು ಕಟ್ಟಲು ಮಾರುವವರಿಗೆ ಬರೆದು ತಿಳಿಸಿ. ಇದನ್ನು ಹೇಳದೆ ನಾನು ತರಿಸಿದ ಮೊದಲ 78 ತಟ್ಟೆ ಎಂಟು ತುಂಡಾಗಿ ಬಂತು. ಮೇ ತಿಂಗಳಲ್ಲಂತೂ ತರಿಸಲೇಬೇಡಿ.

7. ಇಡುವುದು

42 ಡಿಗ್ರಿ ದಾಟುವ ಊರಿನಲ್ಲಿ ಅಟ್ಟ, ತಗಡಿನ ಮಾಳಿಗೆ, ಪಡುವಣ ಗೋಡೆ ಮೂರೂ ವರ್ಜ್ಯ. ಕಾರಿನೊಳಗೆ ಬಿಟ್ಟ ಎಲ್‌ಪಿ ಒಂದು ಮಧ್ಯಾಹ್ನದಲ್ಲಿ ಹಪ್ಪಳವಾಗುತ್ತದೆ. ಶಹಾಬಾದ್ ಕಲ್ಲಿನ ನೆಲದ ತಂಪು ಕೋಣೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಮೂಡಣದ ಒಳಗೋಡೆಗೆ ಕಪಾಟಿರಲಿ. ತಟ್ಟೆಗಳನ್ನು ರೊಟ್ಟಿಯಂತೆ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದಂತೆ ನೇರ ನಿಲ್ಲಿಸಿ. ನೂರು ಎಲ್‌ಪಿ ಲಕೋಟೆ ಸೇರಿ ಇಪ್ಪತ್ತು ಕಿಲೋ ದಾಟುವುದರಿಂದ ಹಲಗೆ ಗಟ್ಟಿ ಬೇಕು.

ಕೂಲರಿನ ಎದುರು ಇಡುವುದು ನಮ್ಮ ಊರಿನ ವಿಶೇಷ ತಪ್ಪು. ತಂಪಾಗಲಿ ಎಂದು ಇಡುತ್ತಾರೆ, ಅದು ಒದ್ದೆ ಗಾಳಿ. ಬೂಸ್ಟು ಹಿಡಿಯುವುದೇ ಹಾಗೆ. ಸೀರೆಗೆ ಹಾಕುವ ನುಸಿಗುಳಿಗೆಯೂ ಬೇಡ, ಅದರ ಆವಿ ಕ್ಯಾಸೆಟ್ ಡಬ್ಬಿಯ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುತ್ತದೆ. ಕ್ಯಾಸೆಟ್‌ಗಳನ್ನು ಸ್ಪೀಕರಿನ ಮೇಲೆ ಪೇರಿಸಬೇಡಿ, ಒಳಗೆ ಅಯಸ್ಕಾಂತವಿದೆ.

8. ಸಿಡಿ ಮತ್ತು ಮೊಬೈಲ್ ಹಾಡು

ಕಂಪನಿಯ ಸಿಡಿಗಳನ್ನು ಈಗ ಯಾರೂ ಕೇಳುವವರಿಲ್ಲ, ಅಗ್ಗಕ್ಕೆ ಸಿಗುತ್ತವೆ, ಹಿಂದೂಸ್ತಾನಿ ಇಷ್ಟವಿದ್ದರೆ ಬಾಚಿಕೊಳ್ಳಿ. ಮನೆಯಲ್ಲಿ ಬರೆದುಕೊಂಡ ಸಿಡಿಗಳನ್ನು ಮಾತ್ರ ನಂಬಬೇಡಿ, ಅವುಗಳ ಬಣ್ಣದ ಪದರ ಬಿಸಿಲು ಬೆಳಕಿಗೆ ಕೆಡುತ್ತದೆ. ಒಳಗಿರುವುದನ್ನು ಇದೇ ವಾರ ಹಾರ್ಡ್ ಡಿಸ್ಕಿಗೆ ಇಳಿಸಿ. ತಿಂಗಳ ಚಂದಾದ ಮೊಬೈಲ್ ಆಪ್‌ಗಳಲ್ಲಿ ನಾನೂ ಕೇಳುತ್ತೇನೆ, ಆದರೆ ಅದು ಬಾಡಿಗೆ ಮನೆ. ಇಂದಿದ್ದ ಹಾಡು ನಾಳೆ ಇಲ್ಲದೆ ಹೋದರೆ ಪ್ರಶ್ನಿಸುವ ಹಕ್ಕು ನಿಮಗಿಲ್ಲ. ಈಗಿನ ಗಾಯಕರು ಇಷ್ಟವಾದರೆ ಕಛೇರಿ ಮುಗಿದ ಮೇಲೆ ಅವರ ಕೈಯಿಂದಲೇ ಸಿಡಿಯೋ ಪೆನ್‌ಡ್ರೈವೋ ಕೊಳ್ಳಿ.

9. ಹಂಚುವ ಮೊದಲು

ನಿಮ್ಮ ತಟ್ಟೆಯ ಪ್ರತಿಯನ್ನು ನೀವು ಕೇಳುವುದು ಬೇರೆ, ಯೂಟ್ಯೂಬಿಗೆ ಏರಿಸುವುದು ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. 1960ರಲ್ಲಿ ಬಂದ ತಟ್ಟೆಯದು 2020ರ ಕೊನೆಗೆ ಮುಗಿಯಿತು. 1980ರದ್ದು ಇನ್ನೂ ಕಂಪನಿಯದೇ. ಇಷ್ಟಕ್ಕೇ ನಿಲ್ಲುವುದಿಲ್ಲ: ಸಾಹಿತ್ಯ ಬರೆದವರ, ರಾಗ ಹಾಕಿದವರ ಹಕ್ಕು ಬೇರೆ, ಅದು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ವಚನ, ಹಳೆಯ ತತ್ವಪದಗಳ ಸಾಹಿತ್ಯಕ್ಕೆ ಈ ತೊಡಕಿಲ್ಲ, ಆದರೆ ಅವನ್ನು ಹಾಡಿದ ಧ್ವನಿಮುದ್ರಣಕ್ಕೆ ಇದೆ.

ಊರಿನ ಭಜನಾ ಮಂಡಳಿಯ ಕ್ಯಾಸೆಟ್ಟಿನ ವಿಷಯದಲ್ಲಿ ಕಾಯ್ದೆಗೂ ಮೊದಲು ಮನುಷ್ಯರಿದ್ದಾರೆ. ಹಾಡಿದವರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳದೆ ಎಲ್ಲಿಯೂ ಏರಿಸಬೇಡಿ. ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ, ಒಂದು ಪ್ರತಿ ಒಯ್ಯಿರಿ. ಅವರ ಬಳಿ ಇರುವುದು ಮೆಮೊರಿ ಕಾರ್ಡೋ ಪೆನ್‌ಡ್ರೈವೋ ಹಾಕುವ ಕೈಸ್ಪೀಕರ್. ಅದರಲ್ಲಿ ಫ್ಲಾಕ್ ಬಹುತೇಕ ನುಡಿಯುವುದಿಲ್ಲ, ಎಂಪಿ3 ಮಾಡಿಯೇ ಕೊಡಿ. ಫೈಲಿನ ಹೆಸರು ಆ ಡಬ್ಬಿಯ ಪರದೆಯಲ್ಲಿ ಕಾಣುವುದಿಲ್ಲವಾದ್ದರಿಂದ ಪದಗಳ ಕ್ರಮವನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಜೊತೆಗಿಡಿ.